ದೂರಶಿಕ್ಷಣ: ಅಂಚೆಯಿಂದ ಅಂತರ್ಜಾಲದವರೆಗೆ



ವಿದ್ಯೆಯನ್ನು ಅರಸಿ ಶಿಷ್ಯನು ಗುರುವಿದ್ದೆಡೆಗೆ ನಡೆದುಹೋಗುವುದು ಪುರಾತನ ಕಾಲದಿಂದ ಬಂದ ಪದ್ಧತಿ. ಆದರೆ ಬಡತನ, ಹೊಲಮನೆಯ ಕೆಲಸ, ಸಂಸಾರದ ಹೊರೆ, ದಾರಿಯ ದೂರ ಇವುಗಳ ದೆಸೆಯಿಂದ ಮನೆ ಬಿಟ್ಟು ಹೊರಡಲಾರದವರು ಎಲ್ಲ ಕಾಲದಲ್ಲಿಯೂ ಇದ್ದಾರೆ, ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅಂಥವರಿದ್ದಲ್ಲಿಗೆ ವಿದ್ಯೆಯೇ ನಡೆದುಹೋಗುವಂತೆ ಮಾಡುವ ಪ್ರಯತ್ನಕ್ಕೆ ದೂರಶಿಕ್ಷಣವೆಂದು ಹೆಸರು. ಅಂತರ್ಜಾಲವು ಬಂದ ಮೇಲೆ ಈ ಪ್ರಯತ್ನವು ಸಿದ್ಧಿಸಿತೆಂದೂ, ಒಬ್ಬ ಸಮರ್ಥ ಅಧ್ಯಾಪಕನು ಒಮ್ಮೆ ಪಾಠ ಹೇಳಿದರೆ ಇನ್ನು ಕೋಟಿ ಜನ ಕಲಿಯುವರೆಂದೂ ಹೇಳುವ ಮಾತು ಆಗಾಗ ಕೇಳಿಬರುತ್ತದೆ. ಶಾಲೆ ಕಾಲೇಜುಗಳನ್ನು ಕಟ್ಟಲು ಹಣ ಸಾಲದ ದೇಶಗಳ ಪಾಲಿಗೆ ಇದು ಆಸೆ ಹುಟ್ಟಿಸುವ ಮಾತೇ ಸರಿ. ಅದು ಎಷ್ಟರಮಟ್ಟಿಗೆ ನಿಜ? ಇದಕ್ಕೆ ಉತ್ತರವನ್ನು ಊಹೆಯಿಂದ ಹೇಳಬೇಕಾದ ಪ್ರಮೇಯವಿಲ್ಲ. ಅಂಚೆ, ಬಾನುಲಿ, ಉಪಗ್ರಹ, ಅಂತರ್ಜಾಲ ಎಂಬ ನಾಲ್ಕು ಸಾಧನಗಳ ಚರಿತ್ರೆ ನಮ್ಮ ಮುಂದಿದೆ. ಅದನ್ನು ಕ್ರಮವಾಗಿ ಅವಲೋಕಿಸಿದರೆ ಸತ್ಯಾಂಶವು ತಾನಾಗಿಯೇ ಗೋಚರವಾಗುತ್ತದೆ.

ಮೊದಲನೆಯದು ಅಂಚೆ. ೧೮೫೮ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ತನ್ನ ಪದವಿ ಪರೀಕ್ಷೆಗಳನ್ನು ಹೊರಗಿನವರಿಗೂ ತೆರೆದಿಟ್ಟಿತು. ಸಾಮ್ರಾಜ್ಯದ ಯಾವ ಮೂಲೆಯಲ್ಲಿದ್ದವನೇ ಆಗಲಿ, ತನ್ನಷ್ಟಕ್ಕೆ ತಾನು ಓದಿಕೊಂಡು ಪರೀಕ್ಷೆಗೆ ಕುಳಿತುಕೊಳ್ಳಲು ಇದರಿಂದ ಮುಂದೆ ಅವಕಾಶವಾಯಿತು. ಮುಂದೆ ೧೯೪೬ರಲ್ಲಿ ದಕ್ಷಿಣ ಆಫ್ರಿಕ ವಿಶ್ವವಿದ್ಯಾನಿಲಯವು ಅಂಚೆಯ ಮೂಲಕವೇ ಪಾಠ ಹೇಳಲಾರಂಭಿಸಿತು. ನೆಲ್ಸನ್ ಮಂಡೇಲಾ ಅವರು ರಾಬೆನ್ ದ್ವೀಪದ ಸೆರೆಮನೆಯಲ್ಲಿದ್ದುಕೊಂಡು ಕಾನೂನಿನ ವ್ಯಾಸಂಗವನ್ನು ಮುಂದುವರಿಸಿದ್ದು ಅಂಚೆಯ ಆಶ್ರಯದಿಂದಲೇ. ೧೯೮೯ರಲ್ಲಿ, ಇನ್ನೂ ಬಂಧನದಲ್ಲಿರುವಾಗಲೇ, ಅವರು ಈ ವಿಶ್ವವಿದ್ಯಾನಿಲಯದಿಂದ ಕಾನೂನು ಪದವಿಯನ್ನು ಪಡೆದರು. ನಮ್ಮ ದೇಶದಲ್ಲಿ ೧೯೬೨ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವೂ, ೧೯೬೯ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆ ಶಿಕ್ಷಣವನ್ನು ಆರಂಭಿಸಿದವು. ಹಗಲು ನೌಕರಿ ಮಾಡಿ ರಾತ್ರಿ ಓದಿ ಪದವೀಧರರಾದ ಶಾಲಾ ಶಿಕ್ಷಕರು, ಗುಮಾಸ್ತರು, ಗೃಹಿಣಿಯರು ಕನ್ನಡ ನಾಡಿನ ಊರೂರುಗಳಲ್ಲಿಯೂ ಇದ್ದಾರೆ. ಈ ಬರಹವನ್ನು ಓದುತ್ತಿರುವವರಲ್ಲಿಯೂ ಅಂಥವರು ಇರಬಹುದು.

ಅಂಚೆಯು ನಿಧಾನದ ಸಾಧನ. ಪಾಠದ ಕಟ್ಟು ತಲುಪಲು ವಾರಗಳೇ ಹಿಡಿಯುತ್ತಿದ್ದವು. ಆದರೂ ಅದಕ್ಕೊಂದು ಗುಣವಿತ್ತು: ಹೋಗುವ ದಾರಿಯಲ್ಲಿಯೇ ಬರುವುದಕ್ಕೂ ಆಗುತ್ತಿತ್ತು. ವಿದ್ಯಾರ್ಥಿಯು ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸಿದರೆ, ಯಾರೋ ಒಬ್ಬರು ಅದನ್ನು ಓದಿ, ತಪ್ಪನ್ನು ತಿದ್ದಿ, ಅಂಚಿನಲ್ಲಿ ಷರಾ ಬರೆದು ಹಿಂದಿರುಗಿಸುತ್ತಿದ್ದರು. ವರ್ಷದಲ್ಲಿ ಕೆಲವು ದಿನ ಸಂಪರ್ಕ ತರಗತಿಗಳು ನಡೆಯುತ್ತಿದ್ದವು. ಈ ಎರಡು ಕೆಲಸಗಳು ಶ್ರದ್ಧೆಯಿಂದ ನಡೆದಲ್ಲಿ ಅಂಚೆ ಶಿಕ್ಷಣವು ಫಲ ಕೊಟ್ಟಿತು. ಪುಸ್ತಕದ ಕಟ್ಟನ್ನು ಕಳುಹಿಸಿ ಶುಲ್ಕ ಪಡೆದು ಸುಮ್ಮನಾದಲ್ಲಿ ಅದು ಪದವಿಪತ್ರದ ವ್ಯಾಪಾರವಾಗಿ ಪರಿಣಮಿಸಿತು.

ಎರಡನೆಯದು ಬಾನುಲಿ. ಇದರ ಅತ್ಯಂತ ಬೋಧಪ್ರದವಾದ ದೃಷ್ಟಾಂತವು ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ್ದು. ೧೯೪೭ರಲ್ಲಿ ಸುತತೆನ್ಸಾ ಎಂಬ ಬೆಟ್ಟದೂರಿಗೆ ಹೊಸೆ ಹೊಆಕಿನ್ ಸಾಲ್ಸೆಡೊ ಎಂಬ ತರುಣ ಕ್ರೈಸ್ತ ಪಾದ್ರಿಯೊಬ್ಬರು ಬಂದರು. ಅಲ್ಲಿಯ ಕೃಷಿಕರಲ್ಲಿ ಬಹುಮಂದಿಗೆ ಅಕ್ಷರಜ್ಞಾನವಿರಲಿಲ್ಲ. ಪಾದ್ರಿಗಳು ಪುಟ್ಟದೊಂದು ಬಾನುಲಿ ಕೇಂದ್ರವನ್ನು ಸ್ಥಾಪಿಸಿ ಓದು, ಬರಹ, ಲೆಕ್ಕ, ಆರೋಗ್ಯ, ಬೇಸಾಯಗಳನ್ನು ಕುರಿತು ಪಾಠಗಳನ್ನು ಪ್ರಸಾರ ಮಾಡಲಾರಂಭಿಸಿದರು. ಕೇವಲ ಪ್ರಸಾರಕ್ಕೆ ಅವರು ತೃಪ್ತರಾಗಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಬಾನುಲಿ ಪೆಟ್ಟಿಗೆಯ ಸುತ್ತ ಮನೆಯವರೂ ನೆರೆಹೊರೆಯವರೂ ಕೂಡಿ ಕುಳಿತುಕೊಳ್ಳುತ್ತಿದ್ದರು. ಅವರಲ್ಲಿ ಅಲ್ಪಸ್ವಲ್ಪ ಓದುಬರಹ ಬಲ್ಲ ಒಬ್ಬರು ಸಹಾಯಕರಾಗಿ ನಿಂತು, ಬಾನುಲಿಯ ಗುರುವು ಹೇಳಿದ ಅಕ್ಷರವನ್ನು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಆ ಸಹಾಯಕರೂ ರೈತರೇ, ಅದೇ ಊರಿನವರೇ. ಕೇಳುಗರು ಕೇಂದ್ರಕ್ಕೆ ಪತ್ರ ಬರೆಯುವಂತೆ ಪ್ರೋತ್ಸಾಹಿಸಲಾಗುತ್ತಿತ್ತು. ಸುಮಾರು ನಾಲ್ಕು ದಶಕಗಳ ಅವಧಿಯಲ್ಲಿ ಹೀಗೆ ಬಂದ ಪತ್ರಗಳು ಹತ್ತು ಲಕ್ಷವನ್ನು ಮೀರಿದವು. ಮೊನ್ನೆಮೊನ್ನೆ ಅಕ್ಷರ ಕಲಿತ ಕೈಗಳು ಬರೆದ ಪತ್ರಗಳು ಅವುಗಳಲ್ಲಿ ಎಷ್ಟೋ ಇದ್ದವು. ಸುತತೆನ್ಸಾದ ಮಾದರಿಯು ಲ್ಯಾಟಿನ್ ಅಮೆರಿಕದ ಅನೇಕ ದೇಶಗಳಿಗೆ ಹಬ್ಬಿತು.

ಮೂರನೆಯದಾದ ಉಪಗ್ರಹದ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಸ್ಥಾನವಿದೆ. ಡಾ. ವಿಕ್ರಂ ಸಾರಾಭಾಯಿ ಅವರ ದೂರದೃಷ್ಟಿಯ ಫಲವಾಗಿ ೧೯೬೯ರಲ್ಲಿ ಭಾರತಕ್ಕೂ ಅಮೆರಿಕದ ನಾಸಾ ಸಂಸ್ಥೆಗೂ ಒಪ್ಪಂದವಾಯಿತು. ಅದರಂತೆ ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷದ ಮಟ್ಟಿಗೆ ಎ.ಟಿ.ಎಸ್.-೬ ಎಂಬ ಉಪಗ್ರಹವನ್ನು ಭಾರತಕ್ಕೆ ಬಳಸಲು ಕೊಡಲಾಯಿತು. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ ದೂರದರ್ಶನದ ಪೆಟ್ಟಿಗೆಗಳನ್ನು ಇರಿಸಿ, ಹತ್ತಡಿ ಅಗಲದ ತಂತಿಬಲೆಯ ಛತ್ರಿಗಳನ್ನು ನಿಲ್ಲಿಸಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದುವು ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಂಗಳೂರು ನಗರವೇ ದೂರದರ್ಶನವನ್ನು ಕಾಣದಿದ್ದ ಕಾಲದಲ್ಲಿ ಬಿಸಿಲುನಾಡಿನ ಈ ಹಳ್ಳಿಗಳು ಅದನ್ನು ಕಂಡವು. ಬೆಳಿಗ್ಗೆ ಶಾಲಾ ಮಕ್ಕಳಿಗಾಗಿ ಒಂದೂವರೆ ಗಂಟೆ, ಸಂಜೆ ಹಿರಿಯರಿಗಾಗಿ ಎರಡೂವರೆ ಗಂಟೆ ಪ್ರಸಾರವಿತ್ತು. ವಿದ್ಯುತ್ತಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿಯಿಂದ ಪೆಟ್ಟಿಗೆಯನ್ನು ನಡೆಸಿದರು.

ಒಂದು ವರ್ಷ ಕಳೆಯಿತು. ೧೯೭೬ರ ಜುಲೈ ೩೧ರಂದು ಪ್ರಯೋಗವು ಮುಕ್ತಾಯವಾಗಿ, ಉಪಗ್ರಹವು ಹಿಂದಿರುಗಿ ಹೋಯಿತು. ಗುಲ್ಬರ್ಗಾದಲ್ಲಿ ೧೯೭೭ರಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವು ಆರಂಭವಾಗಿ, ಸುತ್ತಮುತ್ತಲಿನ ಹಳ್ಳಿಗಳಿಗೆ ಆ ನಂಟು ಮತ್ತೆ ಒದಗಿತು. ಈ ಪ್ರಯೋಗದಿಂದ ಕಲಿತುದು ಅಪಾರ. ಆದರೆ ಅದರ ಇತಿಮಿತಿಯೂ ಸ್ಪಷ್ಟವಾಗಿಯೇ ಇತ್ತು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. ಪಾಠವು ಆಕಾಶದಿಂದ ಇಳಿದುಬರುತ್ತಿತ್ತು. ಅದು ಅರ್ಥವಾಗದ ಮಗುವು ಪೆಟ್ಟಿಗೆಯನ್ನು ಮರುಪ್ರಶ್ನೆ ಕೇಳುವ ಹಾಗಿರಲಿಲ್ಲ. ಪ್ರಯೋಗವನ್ನು ನಡೆಸಿದವರಿಗೆ ಈ ಕೊರತೆಯ ಅರಿವಿಲ್ಲದೆ ಇರಲಿಲ್ಲ. ಹಳ್ಳಿಯವರ ಅಭಿಪ್ರಾಯವನ್ನು ತಿಳಿಯಲು ಅವರು ಮಾನವಶಾಸ್ತ್ರಜ್ಞರನ್ನು ಕೆಲವು ಹಳ್ಳಿಗಳಲ್ಲಿಯೇ ನೆಲಸುವಂತೆ ಮಾಡಿದರು. ಇದೇ ಅವಧಿಯಲ್ಲಿ ಸುಮಾರು ಐವತ್ತು ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು. ಅಲ್ಲಿ ದೂರದರ್ಶನದ ಪಾಠದ ಜೊತೆಗೆ ಅಚ್ಚಾದ ಪುಸ್ತಿಕೆ, ಬಾನುಲಿ, ಕೈಯಾರೆ ಮಾಡಿನೋಡುವ ಪ್ರಯೋಗ, ಗುಂಪು ಚರ್ಚೆ ಇವೆಲ್ಲವನ್ನೂ ಸೇರಿಸಿದ್ದರು.

ಅದೇ ಕಾಲದಲ್ಲಿ ಭೂಮಂಡಲದ ಇನ್ನೊಂದು ಕಡೆ, ಶಾಂತಸಾಗರದ ದ್ವೀಪಗಳಲ್ಲಿ, ಬೇರೊಂದು ಪ್ರಯೋಗ ನಡೆದಿತ್ತು. ಫಿಜಿ, ಟೋಂಗಾ, ಸಮೋವಾ, ಕಿರಿಬಾಟಿ, ಟುವಾಲು, ನೌರು ಮೊದಲಾದ ಪುಟ್ಟ ದೇಶಗಳಿಗೆ ಒಂದೊಂದಕ್ಕೂ ಸ್ವಂತ ವಿಶ್ವವಿದ್ಯಾನಿಲಯವನ್ನು ಕಟ್ಟುವ ಶಕ್ತಿಯಿರಲಿಲ್ಲ. ಆದುದರಿಂದ ಅವೆಲ್ಲಕ್ಕೂ ಸೇರಿ ೧೯೬೮ರಲ್ಲಿ ಫಿಜಿಯ ಸುವಾ ನಗರದಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಒಂದು ದ್ವೀಪಕ್ಕೂ ಮತ್ತೊಂದಕ್ಕೂ ನಡುವೆ ಸಾವಿರಾರು ಕಿಲೋಮೀಟರ್ ನೀರು. ಎಪ್ಪತ್ತರ ದಶಕದಲ್ಲಿ ಈ ವಿಶ್ವವಿದ್ಯಾನಿಲಯವು ನಾಸಾದ ಎ.ಟಿ.ಎಸ್.-೧ ಎಂಬ ಹಳೆಯ ಉಪಗ್ರಹವನ್ನು ಬಳಸಿಕೊಂಡಿತು. ಅದರಲ್ಲಿ ಮುಖ್ಯವಾಗಿ ಸಾಗುತ್ತಿದ್ದುದು ಧ್ವನಿ. ಆದರೆ ಆ ಧ್ವನಿಯು ಎರಡೂ ದಿಕ್ಕಿಗೆ ಸಾಗುತ್ತಿತ್ತು. ಸುವಾದ ಅಧ್ಯಾಪಕನು ಮಾತನಾಡಿದ ಮೇಲೆ ಟೋಂಗಾದ ವಿದ್ಯಾರ್ಥಿಯು ಗುಂಡಿಯೊತ್ತಿ ತನ್ನ ಸಂಶಯವನ್ನು ಕೇಳಬಹುದಾಗಿತ್ತು. ಆ ಪ್ರಶ್ನೆಯನ್ನು ಬೇರೆ ದ್ವೀಪದವರೂ ಕೇಳಿಸಿಕೊಳ್ಳುತ್ತಿದ್ದರು. ದ್ವೀಪಗಳಲ್ಲಿ ಸ್ಥಾಪಿಸಿದ ಕೇಂದ್ರಗಳಲ್ಲಿ ಪುಸ್ತಕವೂ ಇತ್ತು, ವಿಚಾರಿಸಿಕೊಳ್ಳುವ ಜನರೂ ಇದ್ದರು. ೧೯೮೫ರಲ್ಲಿ ಆ ಉಪಗ್ರಹವು ಕೈಬಿಟ್ಟಿತು. ವಿಶ್ವವಿದ್ಯಾನಿಲಯವು ಬೇರೆ ಮಾರ್ಗಗಳನ್ನು ಹಿಡಿದು, ೨೦೦೦ದಲ್ಲಿ ತನ್ನದೇ ಆದ ಹೊಸ ಉಪಗ್ರಹ ಜಾಲವನ್ನು ಕಟ್ಟಿಕೊಂಡಿತು. ಅಂತರ್ಜಾಲದ ಪಾಠಗಳು ಅಲ್ಲಿಗೆ ಬಂದಾಗ ಅವನ್ನು ಇಳಿಸಿಕೊಳ್ಳಲು ನೆಲ ಹದವಾಗಿತ್ತು.

ಈ ಎರಡು ಪ್ರಯೋಗಗಳನ್ನು ಒಂದೆಡೆ ಇಟ್ಟು ನೋಡಿದಾಗ ವಿಷಯ ಸ್ಪಷ್ಟವಾಗುತ್ತದೆ. ನಮ್ಮದು ಶಕ್ತಿಶಾಲಿಯಾದ ಉಪಗ್ರಹ. ಚಿತ್ರವನ್ನೂ ಧ್ವನಿಯನ್ನೂ ಹಳ್ಳಿಗೆ ತಂದಿತು. ಅವರದು ದುರ್ಬಲವಾದ ಉಪಗ್ರಹ. ಆದರೆ ಶಿಷ್ಯನ ಮಾತನ್ನು ಗುರುವಿನ ಕಿವಿಗೆ ಮುಟ್ಟಿಸಿತು. ಒಂದು ಕೈಯಿಂದ ಚಪ್ಪಾಳೆ ಆಗದು ಎಂಬ ಗಾದೆಯನ್ನು ಶಿಕ್ಷಣದ ಮಟ್ಟಿಗೆ ನಾವು ಮರೆಯಲಾಗದು.

ನಮ್ಮ ದೇಶದ ಮುಕ್ತ ವಿಶ್ವವಿದ್ಯಾನಿಲಯಗಳ ಸ್ಥಾಪಕರು ಈ ಮರ್ಮವನ್ನು ಅರಿತಿದ್ದರು. ೧೯೮೨ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲನೆಯ ಮುಕ್ತ ವಿಶ್ವವಿದ್ಯಾನಿಲಯವೂ, ೧೯೮೫ರಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದವು. ಎರಡಕ್ಕೂ ಪ್ರಥಮ ಕುಲಪತಿಗಳಾಗಿದ್ದವರು ಪ್ರೊ. ಜಿ. ರಾಮರೆಡ್ಡಿಯವರು. ಊರೂರುಗಳಲ್ಲಿ ಈಗಾಗಲೇ ಇದ್ದ ಕಾಲೇಜುಗಳ ಕೋಣೆಗಳನ್ನೇ ರಜಾದಿನಗಳಲ್ಲಿ ಬಳಸಿ, ಅಲ್ಲಿಯ ಅಧ್ಯಾಪಕರನ್ನೇ ಸಲಹೆಗಾರರನ್ನಾಗಿ ನೇಮಿಸಿ, ಅಧ್ಯಯನ ಕೇಂದ್ರಗಳೆಂಬ ವ್ಯವಸ್ಥೆಯನ್ನು ಬೆಳೆಸಲಾಯಿತು. ೧೯೯೬ರಲ್ಲಿ ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. ಪಾಕಿಸ್ತಾನದಲ್ಲಿ ೧೯೭೪, ಥಾಯ್ಲೆಂಡಿನಲ್ಲಿ ೧೯೭೮, ಇಂಡೊನೇಷ್ಯದಲ್ಲಿ ೧೯೮೪, ಬಾಂಗ್ಲಾದೇಶದಲ್ಲಿ ೧೯೯೨ ಹೀಗೆ ಏಷ್ಯದ ದೇಶಗಳೆಲ್ಲ ಇದೇ ದಾರಿಯನ್ನು ಹಿಡಿದವು.

ಇನ್ನು ಅಂತರ್ಜಾಲ. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲವು ದೊರೆತುದು ೧೯೯೫ರ ಆಗಸ್ಟ್ ೧೫ರಂದು. ಎರಡು ವರ್ಷಗಳ ತರುವಾಯ, ೧೯೯೭ರಲ್ಲಿ, ವಿಶ್ವಬ್ಯಾಂಕು ಆಫ್ರಿಕಾಕ್ಕಾಗಿ ಒಂದು ಮಹತ್ವಾಕಾಂಕ್ಷೆಯ ಯೋಜನೆಯನ್ನು ಕೈಗೊಂಡಿತು. ಅದರ ಹೆಸರು ಆಫ್ರಿಕನ್ ವರ್ಚುವಲ್ ಯೂನಿವರ್ಸಿಟಿ, ಅರ್ಥಾತ್ ಗೋಡೆಗಳಿಲ್ಲದ ವಿಶ್ವವಿದ್ಯಾನಿಲಯ. ಪಾಶ್ಚಾತ್ಯ ದೇಶಗಳ ಪ್ರಾಧ್ಯಾಪಕರು ಅಲ್ಲಿಂದಲೇ ಉಪನ್ಯಾಸ ಮಾಡುವರು. ಉಪಗ್ರಹದ ಮೂಲಕ ಆಫ್ರಿಕದ ವಿಶ್ವವಿದ್ಯಾನಿಲಯಗಳ ಕೊಠಡಿಗಳಲ್ಲಿ ಅದು ಮೂಡುವುದು. ವಿದ್ಯಾರ್ಥಿಗಳು ದೂರವಾಣಿ ಅಥವಾ ಮಿಂಚಂಚೆಯಲ್ಲಿ ಪ್ರಶ್ನೆ ಕೇಳುವರು. ಇದು ಕಾಗದದ ಮೇಲೆ ಬಹು ಸುಂದರವಾಗಿತ್ತು. ಕಾರ್ಯತಃ ದೂರವಾಣಿಯ ತಂತಿಗಳು ದುರ್ಬಲವಾಗಿದ್ದವು, ವೆಚ್ಚ ಅಧಿಕವಾಗಿತ್ತು, ಪಾಠವು ಬೇರೊಂದು ದೇಶದ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾಗಿತ್ತು. ಸಂಸ್ಥೆಯು ೨೦೦೨ರಲ್ಲಿ ವಾಷಿಂಗ್ಟನ್ನಿನಿಂದ ನೈರೋಬಿ ನಗರಕ್ಕೆ ಸ್ಥಳಾಂತರಗೊಂಡಿತು. ಕ್ರಮೇಣ ಆಫ್ರಿಕದ ಅಧ್ಯಾಪಕರೇ ಪಾಠಗಳನ್ನು ಇಂಗ್ಲಿಷ್, ಫ್ರೆಂಚ್, ಪೋರ್ಚುಗೀಸ್ ಭಾಷೆಗಳಲ್ಲಿ ರಚಿಸುವ ಪದ್ಧತಿಗೆ ಅದು ತಿರುಗಿತು. ಪಾಠವನ್ನು ಹೊರಗಿನಿಂದ ತರಿಸಬಹುದು, ಪಾಠ ಹೇಳುವ ಶಕ್ತಿಯನ್ನು ಮಾತ್ರ ಅಲ್ಲಿಯೇ ಬೆಳೆಸಬೇಕೆಂಬುದನ್ನು ಆ ಖಂಡವು ಅನುಭವದಿಂದ ಕಂಡುಕೊಂಡಿತು.

ಭಾರತವೂ ಆಫ್ರಿಕಕ್ಕೆ ತನ್ನ ಕೈಯನ್ನು ಚಾಚಿತು. ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ೨೦೦೪ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನೀಡಿದ ಸೂಚನೆಯಂತೆ ಸಿದ್ಧವಾದ ಪ್ಯಾನ್-ಆಫ್ರಿಕನ್ ಇ-ನೆಟ್‌ವರ್ಕ್ ೨೦೦೯ರಲ್ಲಿ ಉದ್ಘಾಟನೆಗೊಂಡಿತು. ಮುಂದೆ ೪೮ ದೇಶಗಳು ಅದರಲ್ಲಿ ಪಾಲ್ಗೊಂಡವು. ನಮ್ಮ ವಿಶ್ವವಿದ್ಯಾನಿಲಯಗಳ ಪಾಠಗಳು ಆ ದೇಶಗಳ ಕೇಂದ್ರಗಳಿಗೆ ನೇರವಾಗಿ ಹೋಗುತ್ತಿದ್ದವು, ಅಲ್ಲಿಯ ವಿದ್ಯಾರ್ಥಿಗಳು ಕೂಡಲೇ ಪ್ರಶ್ನಿಸಬಹುದಾಗಿತ್ತು. ೨೦೧೯ರಲ್ಲಿ ಇದರ ಮುಂದುವರಿಕೆಯಾಗಿ ಅಂತರ್ಜಾಲವನ್ನೇ ಆಧರಿಸಿದ ಇ-ವಿದ್ಯಾಭಾರತಿ ಯೋಜನೆ ಆರಂಭವಾಯಿತು.

ದೇಶದೊಳಗೆ ೨೦೦೪ರ ಸೆಪ್ಟೆಂಬರ್ ೨೦ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಎಂಬ, ಶಿಕ್ಷಣಕ್ಕೇ ಮೀಸಲಾದ ಉಪಗ್ರಹವನ್ನು ಹಾರಿಸಲಾಯಿತು. ಅದರ ಪೂರ್ವಭಾವಿ ಪ್ರಯೋಗಕ್ಕೆ ಆಯ್ಕೆಯಾದ ಸಂಸ್ಥೆಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಇದೇ ಯೋಜನೆಯಡಿ ಕನ್ನಡದ ಪಾಠಗಳು ಪ್ರಸಾರವಾದವು. ಉಪಗ್ರಹದ ಆಯುಷ್ಯವು ೨೦೧೦ರಲ್ಲಿ ಮುಗಿಯಿತು.

ಅಂತರ್ಜಾಲದ ನಿಜವಾದ ಕೊಡುಗೆ ಬೇರೆಯದು. ೨೦೦೧ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯು ತನ್ನ ಪಾಠಗಳನ್ನು ಶುಲ್ಕವಿಲ್ಲದೆ ಲೋಕಕ್ಕೆ ಒದಗಿಸುವುದಾಗಿ ಸಾರಿತು. ಭಾರತದಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ೨೦೦೩ರಲ್ಲಿ ಎನ್‌ಪಿಟೆಲ್ ಯೋಜನೆಯನ್ನು ಕೈಗೊಂಡು, ಎಂಜಿನಿಯರಿಂಗ್ ಮತ್ತು ವಿಜ್ಞಾನದ ಉಪನ್ಯಾಸಗಳನ್ನು ಎಲ್ಲರಿಗೂ ತೆರೆದಿಟ್ಟವು. ಉತ್ತಮ ಅಧ್ಯಾಪಕರಿಲ್ಲದ ಚಿಕ್ಕ ಊರಿನ ಕಾಲೇಜಿನ ಹುಡುಗನು ದೇಶದ ಶ್ರೇಷ್ಠ ಪ್ರಾಧ್ಯಾಪಕರ ಮಾತನ್ನು ಕೇಳುವಂತಾದುದು ಅಲ್ಪ ಸಂಗತಿಯಲ್ಲ. ಆದರೆ ಕೇಳಿದವನು ಕಲಿತನೇ ಎಂಬುದನ್ನು ತಿಳಿಯುವ ಬಗೆ ಆರಂಭದಲ್ಲಿ ಇರಲಿಲ್ಲ. ೨೦೧೪ರಿಂದ ವಾರವಾರಕ್ಕೆ ಅಭ್ಯಾಸ, ಪ್ರಶ್ನೋತ್ತರದ ವ್ಯವಸ್ಥೆ, ಕೊನೆಗೆ ನಿಗದಿತ ಕೇಂದ್ರದಲ್ಲಿ ಕುಳಿತು ಬರೆಯುವ ಪರೀಕ್ಷೆ ಇವನ್ನು ಸೇರಿಸಲಾಯಿತು. ಕಾಲೇಜುಗಳಲ್ಲಿ ಸ್ಥಳೀಯ ಘಟಕಗಳನ್ನು ತೆರೆದು, ಅಲ್ಲಿಯ ಅಧ್ಯಾಪಕರು ವಿದ್ಯಾರ್ಥಿಗಳ ಬೆನ್ನಿಗೆ ನಿಲ್ಲುವಂತೆ ಮಾಡಲಾಯಿತು. ೨೦೧೭ರ ಜುಲೈ ೯ರಂದು ಕೇಂದ್ರ ಸರ್ಕಾರದ 'ಸ್ವಯಂ' ವ್ಯವಸ್ಥೆಯು ಉದ್ಘಾಟನೆಗೊಂಡಿತು. ಅಂತರ್ಜಾಲವು ಎಟುಕದವರಿಗಾಗಿ ಅದರೊಡನೆಯೇ ೩೨ ದೂರದರ್ಶನ ವಾಹಿನಿಗಳನ್ನೂ ಆರಂಭಿಸಿದುದು ವಿವೇಕದ ಕ್ರಮವಾಗಿತ್ತು.

ಇಲ್ಲಿ ಒಂದು ಪ್ರಸಂಗವನ್ನು ವಿಸ್ತಾರವಾಗಿ ಹೇಳುವುದು ಉಚಿತ. ೨೦೧೨ರಲ್ಲಿ ಮೆಸಾಚುಸೆಟ್ಸ್ ಸಂಸ್ಥೆಯು ವಿದ್ಯುನ್ಮಂಡಲಗಳನ್ನು ಕುರಿತು ಒಂದು ಪಾಠಕ್ರಮವನ್ನು ಅಂತರ್ಜಾಲದ ಮೂಲಕ ಲೋಕದ ಸಮಸ್ತರಿಗೂ ನಡೆಸಿತು. ಹೆಸರು ನೋಂದಾಯಿಸಿದವರು ಸುಮಾರು ಒಂದೂವರೆ ಲಕ್ಷ. ಕೊನೆಯವರೆಗೂ ನಿಂತು ಪ್ರಮಾಣಪತ್ರ ಪಡೆದವರು ಏಳು ಸಾವಿರದಷ್ಟು ಮಾತ್ರ. ಪೂರ್ಣ ಅಂಕ ಗಳಿಸಿದವರಲ್ಲಿ ಮಂಗೋಲಿಯ ದೇಶದ ಹದಿನೈದು ವರ್ಷದ ಹುಡುಗನೊಬ್ಬನಿದ್ದನು. ಅಂತರ್ಜಾಲದ ಮಹಿಮೆಗೆ ಇವನೇ ಸಾಕ್ಷಿಯೆಂದು ಪತ್ರಿಕೆಗಳು ಕೊಂಡಾಡಿದವು. ಹುಡುಗನ ಪ್ರತಿಭೆ ನಿಸ್ಸಂದೇಹವಾದುದು. ಆದರೆ ಪೂರ್ಣ ವೃತ್ತಾಂತವನ್ನು ತಿಳಿದಾಗ ಬೇರೊಂದು ಅಂಶವೂ ಕಾಣುತ್ತದೆ. ಆ ಹುಡುಗನ ಶಾಲೆಯ ಮುಖ್ಯೋಪಾಧ್ಯಾಯರು ಅದೇ ಮೆಸಾಚುಸೆಟ್ಸ್ ಸಂಸ್ಥೆಯಲ್ಲಿ ಓದಿ ತಾಯ್ನಾಡಿಗೆ ಮರಳಿದವರು. ಅವರು ತಮ್ಮ ಶಾಲೆಯ ಕೆಲವು ಮಕ್ಕಳನ್ನು ಒಟ್ಟುಗೂಡಿಸಿ ಈ ಪಾಠಕ್ಕೆ ಸೇರಿಸಿದರು. ಅಮೆರಿಕದಲ್ಲಿ ಓದುತ್ತಿದ್ದ ಮಿತ್ರರೊಬ್ಬರನ್ನು ಕರೆಸಿಕೊಂಡರು. ಆ ಮಿತ್ರರು ಪ್ರಯೋಗದ ಉಪಕರಣಗಳನ್ನು ಹೊತ್ತು ತಂದು, ವಾರಗಟ್ಟಲೆ ಅಲ್ಲಿದ್ದು, ಮಕ್ಕಳ ಪಕ್ಕದಲ್ಲಿ ಕುಳಿತು ಕಲಿಸಿದರು. ಅಂತರ್ಜಾಲವು ಲೋಕದ ಲಕ್ಷಾಂತರ ಜನರಿಗೆ ಒಂದೇ ಪಾಠವನ್ನು ಕೊಟ್ಟಿತು. ಆ ಶಾಲೆಯ ಮಕ್ಕಳಿಗೆ ಪಾಠದ ಜೊತೆಗೆ ಗುರುವೂ ದೊರೆತರು.

ಈ ಮಾತಿನ ಕಠೋರ ಪರೀಕ್ಷೆ ೨೦೨೦ರಲ್ಲಿ ಕೊರೊನಾ ಪಿಡುಗಿನ ರೂಪದಲ್ಲಿ ಬಂದಿತು. ಲೋಕದ ಶಾಲೆಗಳೆಲ್ಲ ಮುಚ್ಚಿ, ಪಾಠವು ಅಂತರ್ಜಾಲವನ್ನು ಆಶ್ರಯಿಸಿತು. ಮೂರರಿಂದ ಹದಿನೇಳು ವರ್ಷದೊಳಗಿನ ೧೩೦ ಕೋಟಿ ಮಕ್ಕಳ ಮನೆಗಳಲ್ಲಿ, ಅಂದರೆ ಆ ವಯಸ್ಸಿನ ಮೂವರಲ್ಲಿ ಇಬ್ಬರ ಮನೆಯಲ್ಲಿ, ಅಂತರ್ಜಾಲವೇ ಇಲ್ಲವೆಂದು ಆ ವರ್ಷ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ವರದಿ ಮಾಡಿದವು. ನಮ್ಮ ದೇಶದಲ್ಲಿ ೨೦೧೭-೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಅಂತರ್ಜಾಲದ ಸೌಕರ್ಯವಿದ್ದ ಕುಟುಂಬಗಳು ನಗರಗಳಲ್ಲಿ ಶೇಕಡ ೪೨, ಹಳ್ಳಿಗಳಲ್ಲಿ ಶೇಕಡ ೧೫ರಷ್ಟು. ಮನೆಗೊಂದೇ ಮೊಬೈಲು, ಅದು ತಂದೆಯ ಜೇಬಿನಲ್ಲಿ. ಇದ್ದ ಒಂದನ್ನು ಯಾವ ಮಗುವಿಗೆ ಕೊಡುವುದು ಎಂಬ ಪ್ರಶ್ನೆ ಬಂದಾಗ ಹೆಣ್ಣುಮಕ್ಕಳ ಸರದಿ ಕೊನೆಗೆ ಬರುವುದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗ ಕರ್ನಾಟಕದಲ್ಲಿ 'ವಿದ್ಯಾಗಮ' ಎಂಬ ಕಾರ್ಯಕ್ರಮವು ಆರಂಭವಾಯಿತು. ಶಿಕ್ಷಕರು ತಾವೇ ಊರೂರಿಗೆ ಹೋಗಿ, ದೇವಸ್ಥಾನದ ಅಂಗಳ, ಸಮುದಾಯ ಭವನ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ, ತಂತಿಯು ಮುಟ್ಟಲಾರದ ಕಡೆಗೆ ಶಿಕ್ಷಕನು ಮುಟ್ಟಿದನೆಂಬುದು ಚರಿತ್ರೆಯಲ್ಲಿ ಉಳಿಯಬೇಕಾದ ಸಂಗತಿ.

ಹಾಗೆಂದು ಅಂತರ್ಜಾಲವನ್ನು ದೂರುವುದು ನಮ್ಮ ಉದ್ದೇಶವಲ್ಲ. ಅಂಚೆಯಂತೆ ಉತ್ತರವನ್ನು ಹಿಂದಕ್ಕೆ ಒಯ್ಯಬಲ್ಲ, ಬಾನುಲಿಯಂತೆ ದೂರಕ್ಕೆ ಕೇಳಿಸಬಲ್ಲ, ದೂರದರ್ಶನದಂತೆ ಕಣ್ಣಿಗೆ ಕಾಣಿಸಬಲ್ಲ ಮೂರೂ ಗುಣಗಳು ಕೂಡಿದ ಸಾಧನ ಇದೊಂದೇ. ಹಿಂದಿನ ಯಾವ ಸಾಧನಕ್ಕೂ ಇಲ್ಲದ ಸಾಮರ್ಥ್ಯ ಇದಕ್ಕಿದೆ. ಅದನ್ನು ಬಳಸುವವರು ಒಮ್ಮುಖವಾಗಿ ಬಳಸಿದಾಗ ದೋಷ ಉಂಟಾಗುತ್ತದೆ. ಪಾಠವನ್ನು ಚಿತ್ರೀಕರಿಸಿ ಹರಿಯಬಿಡುವುದಕ್ಕೆ ಖರ್ಚು ಕಡಿಮೆ. ವಿದ್ಯಾರ್ಥಿಯ ಉತ್ತರವನ್ನು ಓದಿ ತಿದ್ದುವುದಕ್ಕೆ ಜನ ಬೇಕು, ಸಂಬಳ ಬೇಕು. ಖರ್ಚು ಉಳಿಸಲು ಹೊರಟವರು ಮೊದಲು ಕೈಬಿಡುವುದು ಈ ಎರಡನೆಯದನ್ನೇ. ಪರಿಣಾಮವಾಗಿ ಉಳ್ಳವರ ಮಕ್ಕಳಿಗೆ ಗುರುವೂ ಯಂತ್ರವೂ, ಇಲ್ಲದವರ ಮಕ್ಕಳಿಗೆ ಬರಿಯ ಯಂತ್ರ ಎಂಬಂತಾದರೆ, ಬಡವರಿಗಾಗಿ ಹುಟ್ಟಿದ ದೂರಶಿಕ್ಷಣವು ಬಡವರನ್ನು ಇನ್ನಷ್ಟು ದೂರವಿಡುವ ಶಿಕ್ಷಣವಾದೀತು.

ಆದುದರಿಂದ ಬಂಧುಗಳೇ, ನಿಮ್ಮ ಮಕ್ಕಳನ್ನು ಇಂಥ ಪಾಠಕ್ರಮಕ್ಕೆ ಸೇರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ. ವಿದ್ಯಾರ್ಥಿಯ ಸಂಶಯವನ್ನು ಪರಿಹರಿಸುವವರು ಯಾರು? ಅವನ ಉತ್ತರವನ್ನು ಓದಿ ತಿದ್ದುವವರು ಯಾರು? ಅವನು ನಡುವೆ ನಿಂತುಬಿಟ್ಟರೆ ಏಕೆ ನಿಂತೆಯೆಂದು ವಿಚಾರಿಸುವವರು ಯಾರು? ಮೂರಕ್ಕೂ ಉತ್ತರ ದೊರೆತರೆ ನಿಶ್ಚಿಂತೆಯಿಂದ ಸೇರಿಸಿರಿ.

ಉಚಿತ ಪ್ರಸಾದ ನಿಲಯಗಳಲ್ಲಿದ್ದು ಓದಿ, ಇಂದು ಅಧ್ಯಾಪಕರೋ ಎಂಜಿನಿಯರೋ ಅಧಿಕಾರಿಗಳೋ ಆಗಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮಾತು. ಅಂದು ನಿಮ್ಮನ್ನು ಮುಂದಕ್ಕೆ ತಂದುದು ಅನ್ನವೂ ಪುಸ್ತಕವೂ ಮಾತ್ರವಲ್ಲ. ಸಂಜೆಯ ಹೊತ್ತು ನಿಮ್ಮ ಪಕ್ಕದಲ್ಲಿ ಕುಳಿತು, ತಪ್ಪಿದ ಲೆಕ್ಕವನ್ನು ಮತ್ತೆ ಮಾಡಿಸಿದ ಹಿರಿಯ ವಿದ್ಯಾರ್ಥಿಯೂ ಹೌದು. ಇಂದು ಪಾಠಗಳು ಧಾರಾಳವಾಗಿ, ಬಹುಮಟ್ಟಿಗೆ ಉಚಿತವಾಗಿ ದೊರೆಯುತ್ತವೆ. ಕೊರತೆಯಾಗಿರುವುದು ಆ ಪಕ್ಕದ ಆಸನ. ನಿಮ್ಮ ಊರಿನಲ್ಲಿ ಒಂದು ಕೊಠಡಿ, ಒಂದು ಗಣಕಯಂತ್ರ, ವಾರಕ್ಕೆ ಎರಡು ಸಂಜೆ ಇಷ್ಟನ್ನು ನೀವು ಕೊಡಬಲ್ಲಿರಾದರೆ, ಸುತತೆನ್ಸಾದ ರೈತ ಸಹಾಯಕರು ಮಾಡಿದ ಕೆಲಸ ಇಲ್ಲಿಯೂ ನಡೆದೀತು. ಮುಂದಿನ ಶೈಕ್ಷಣಿಕ ವರ್ಷವು ಆರಂಭವಾಗುವ ಮೊದಲೇ ನಿಮ್ಮ ನಿಮ್ಮ ಊರಿನ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಈ ವಿಷಯವಾಗಿ ಒಮ್ಮೆ ಮಾತನಾಡಿರಿ.